ಆರು ಅಂದರೆ ಸೊನ್ನೆ

ಶಿಡ್ಲಘಟ್ಟದ ಕಾಲೇಜಿನ ಲ್ಯಾಬಿನಲ್ಲಿ
ನಾನು ಗಾಜು ತೊಳೆಯುವವನು.
ಹತ್ತೊಂಬತ್ತು ವರ್ಷದಿಂದ
ಬೇರೆಯವರು ಬೆಳೆಸಿದ್ದನ್ನು ಆವಿಯಲ್ಲಿ ಬೇಯಿಸಿ ಕೊಲ್ಲುವುದು,
ತಟ್ಟೆ ಒರೆಸಿ ಕಪಾಟಿಗಿಡುವುದು.

ನಾಗವೇಣಿ ಮೇಡಂ ಒಂದು ದಿನ ಕೇಳಿದರು:
"ಗೌಸಣ್ಣ, ಹುಣ್ಣಾದ ಕೈ ಬೇಕಿತ್ತು,
ರೇಷ್ಮೆ ಬಿಚ್ಚಾಣಿಕೆಯವರದು."
ಹುಣ್ಣಾದ ಕೈ ಹುಡುಕಲು ಈ ಊರಲ್ಲಿ
ಎಷ್ಟು ದೂರ ಹೋಗಬೇಕು?
ಮನೆಗೆ ಹೋದೆ.

ಖೈರುನ್ನಿಸಾ ಬೆರಳು ಚಾಚಿದಳು.
ಬಿಸಿನೀರ ತೊಟ್ಟಿಯಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ
ಬೆಳಗ್ಗೆ ಆರರಿಂದ ನೆನೆದ ಬೆರಳು:
ತುದಿ ಬೆಳ್ಳಗೆ ಸುಕ್ಕು, ಸಂದು ಕೆಂಪಗೆ ಹಸಿ,
ಎಷ್ಟು ಸೋಪು ಹಾಕಿದರೂ ಹೋಗದ ಹುಳುವಿನ ವಾಸನೆ.
ಹತ್ತಿಕಡ್ಡಿ ತಾಗಿದಾಗ
"ಸ್" ಅಂದಳು, ಅಷ್ಟೆ.
ಗೂಡಿನ ಮಾರ್ಕೆಟ್ಟಿನಲ್ಲಿ ಅದನ್ನು ತೂಗುವುದಿಲ್ಲ.

ಮದ್ದಿಗೆ ಲ್ಯಾಬಿನ ಹಿಂದಿನ ಮೋರಿಯೇ ಸಾಕಾಯಿತು.
ಕುಪ್ಪಿಗಿಡ.
ಮೇಡಂ ಅಜ್ಜಿ ಕುಪ್ಪಿಂಟಾಕು ಅನ್ನುತ್ತಿದ್ದರಂತೆ,
ಉಪ್ಪು ಬೆರೆಸಿ ಅರೆದು ಕಜ್ಜಿಗೆ ತಿಕ್ಕುತ್ತಿದ್ದರಂತೆ.
ನಮ್ಮಮ್ಮನೂ ತಿಕ್ಕಿದ್ದಳು, ಹೆಸರು ಹೇಳದೆ.
ಬೇರು ಅಗೆದಿಟ್ಟರೆ ಬೆಕ್ಕು ಬಂದು
ಅದರ ಮೇಲೆ ಹೊರಳಾಡಿ ಹುಚ್ಚಾಗುವ ಗಿಡ.
ನೆರಳಲ್ಲಿ ಒಣಗಿಸಿ, ಪುಡಿಮಾಡಿ,
ಅರ್ಧ ನೀರಲ್ಲಿ, ಅರ್ಧ ಸ್ಪಿರಿಟಲ್ಲಿ ನೆನೆಹಾಕಿ
ಕುಪ್ಪಿಯನ್ನು ಕುಪ್ಪಿಗೆ ತುಂಬಿದೆವು.

ಸೋಸುವ ಕಾಗದವನ್ನು ಆಫೀಸಿನ ಪಂಚಿಂಗ್ ಮಷೀನಿಗೆ ಕೊಟ್ಟು
ಪುಟ್ಟ ಪುಟ್ಟ ಬಿಲ್ಲೆ ಮಾಡಿದ್ದು ನಾನು.
ಒಂದಕ್ಕೆ ನೀರಿನ ರಸ, ಒಂದಕ್ಕೆ ಸ್ಪಿರಿಟಿನ ರಸ,
ಒಂದಕ್ಕೆ ಬರೀ ಸ್ಪಿರಿಟು
(ಕೊಂದದ್ದು ಯಾರೆಂದು ಗೊತ್ತಾಗಬೇಕಲ್ಲ),
ಒಂದಕ್ಕೆ ಮೆಡಿಕಲ್ ಸ್ಟೋರಿನ ಮದ್ದು.
ಒಂದು ರಾತ್ರಿ, ಮೂವತ್ತೇಳು ಡಿಗ್ರಿ.

ಬೆಳಗ್ಗೆ ತಟ್ಟೆಯ ತುಂಬ ಖೈರುನ್ನಿಸಾ.
ಬೆಣ್ಣೆ ಸವರಿದ ಹಾಗೆ, ಹೊಂಬಣ್ಣ.
ನಡುವೆ ಅಲ್ಲೊಂದು ಇಲ್ಲೊಂದು
ಸಾರಿಸಿ ಬಿಟ್ಟ ಅಂಗಳದಂಥ ಖಾಲಿ ದುಂಡು.
ಈ ಸೀಮೆಯಲ್ಲಿ ಏನೂ ಬೆಳೆಯಲಿಲ್ಲವೆಂದು
ಕುಣಿದವರನ್ನು ನಾನು ಅವತ್ತೇ ನೋಡಿದ್ದು.

ಸ್ಕೇಲಿಟ್ಟು ಮಿಲಿಮೀಟರಿನಲ್ಲಿ ಬರೆದರು:
ಮೆಡಿಕಲ್ ಮದ್ದು ಇಪ್ಪತ್ತಾರು.
ಸ್ಪಿರಿಟಿನ ಕುಪ್ಪಿ ಹನ್ನೊಂದು.
ಬರೀ ಸ್ಪಿರಿಟು ಆರು. ನೀರಿನ ಕುಪ್ಪಿ ಆರು.
"ಆರು ಪರವಾಗಿಲ್ಲವಲ್ಲ ಮೇಡಂ?"
"ಬಿಲ್ಲೆಯ ಅಗಲವೇ ಆರು, ಗೌಸಣ್ಣ.
ಆರು ಅಂದರೆ ಸೊನ್ನೆ."

ನಮ್ಮಮ್ಮ ಅರೆದದ್ದು ನೀರಿನಲ್ಲಿ.

ಹನ್ನೊಂದರ ಸುದ್ದಿಯನ್ನಷ್ಟೇ ಮನೆಯಲ್ಲಿ ಹೇಳಿದೆ.
ಅವಳು ಕೇಳಿದಳು:
"ನಿಮ್ಮ ತಟ್ಟೆ ರಾತ್ರಿಯೆಲ್ಲ ಪೆಟ್ಟಿಗೇಲಿ ಬೆಚ್ಚಗೆ ಮಲಗಿತ್ತಲ್ಲ,
ಅದನ್ನ ಬೆಳಗ್ಗೆ ಆರಕ್ಕೆ ಎಬ್ಬಿಸಿ
ಬಿಸಿನೀರಿಗೆ ಅದ್ದಿದ್ರಾ?"
ಇಲ್ಲ.
ಆ ಬಿಲ್ಲೆಯನ್ನು ನಾವು ಇಟ್ಟಿರಲಿಲ್ಲ.

ತಟ್ಟೆಗಳನ್ನು ಬೇಯಿಸಿದೆ, ತೊಳೆದೆ.
ಮೇಡಂ ಮುಂದಿನ ವಾರ ಲಕ್ಕಿ ಸೊಪ್ಪು ತರುತ್ತಾರಂತೆ,
ಆಮೇಲೆ ತಂಗಡಿ.
ಸರ್ಕಾರಿ ಆಸ್ಪತ್ರೆಯ ಮುಲಾಮು ತಂದುಕೊಟ್ಟಿದ್ದೇನೆ.
ರಾತ್ರಿ ಹಚ್ಚುತ್ತಾಳೆ, ಬೆಳಗ್ಗೆ ತೊಟ್ಟಿ ಅದನ್ನು ತಿನ್ನುತ್ತದೆ.

ನಿನ್ನೆ ಲ್ಯಾಬಿನ ಸ್ಕೇಲು ಜೇಬಲ್ಲೇ ಉಳಿದಿತ್ತು.
ನಿದ್ದೆ ಹತ್ತಿದೆಯೆಂದು
ಅವಳ ಹೆಬ್ಬೆರಳ ಸಂದಿಗೆ ಇಟ್ಟು ನೋಡುತ್ತಿದ್ದೆ.
ಕಣ್ಣು ಬಿಡದೆಯೇ ಅಂದಳು:
"ಕೈ ಹಿಡಿಯೋಕೂ ಅಳತೆ ಬೇಕಾ?"

ಒಂಬತ್ತಿತ್ತು.
ಬರೆದುಕೊಳ್ಳಲಿಲ್ಲ.