ನಡುವಿನ ಸಂದು

ಜೆಪ್ಪುವಿನ ಒಂದು ಓಣಿಯಲ್ಲಿ ಒಂದು ಅಂಗಳ, ಎರಡು ಗೇಟು.
ಎಡಗಡೆ ಲಿಡಿಯಾ ಟೀಚರ್, ಬಲಗಡೆ ಸುಗಂಧಿ ನರ್ಸಮ್ಮ,
ಒಂದೇ ತಾಯಿಯ ಮಕ್ಕಳು.
ನಡುವಿನ ಜೀಗುಜ್ಜೆ ಮರದ ಕಾಯಿ ಯಾರದೆಂದು ಮಾತು ಬೆಳೆದು
ಮರ ಕಡಿಸಿ ಒಂಬತ್ತು ವರ್ಷ.
ಈಗ ಕಾಯಿಯೂ ಇಲ್ಲ, ಮಾತೂ ಇಲ್ಲ.

ನಾನು ವಾರಿಜ, ಟೇಪು ಹಿಡಿಯುವವಳು.
ಐತಪ್ಪ ಮೇಸ್ತ್ರಿ ಕಲ್ಲು ಕೂರಿಸುತ್ತಾರೆ, ನಾನು ಲೆಕ್ಕ ಕೂರಿಸುತ್ತೇನೆ.
ಎಸ್ಟಿಮೇಟು ಎರಡು ಬೇಕಂತೆ, ಬೇರೆ ಬೇರೆ ಹಾಳೆಯಲ್ಲಿ,
ಒಬ್ಬರದು ಇನ್ನೊಬ್ಬರಿಗೆ ತೋರಿಸಬಾರದಂತೆ.

ಇಬ್ಬರಿಗೂ ಉದ್ದ ಇಪ್ಪತ್ತೆರಡು ಅಡಿ, ಅಗಲ ಹನ್ನೆರಡು.
ಟೀಚರಿಗೆ ಕಾರ್ಕಳದ ಕಲ್ಲು, ಎರಡಡಿ ಚೌಕ.
ನರ್ಸಮ್ಮನಿಗೂ ಅದೇ ಕಲ್ಲು, ಆದರೆ ಒಂದಡಿಯದು:
"ಆಚೆಯವರ ಹಾಗೆ ಬೇಡ."
ಸಂದು ಅರ್ಧ ಬೆರಳು ಅಗಲ, ಒಂದೂವರೆ ಇಂಚು ಆಳ.
ಟೀಚರ ಗ್ರೌಟು ಅರವತ್ತೆರಡು ಕಿಲೊ,
ವೇಸ್ಟೇಜು ಹತ್ತು ಪರ್ಸೆಂಟು ಸೇರಿ ಅರವತ್ತೆಂಟು,
ಇಪ್ಪತ್ತು ಕಿಲೊದ ಚೀಲ ನಾಲ್ಕು.
ನರ್ಸಮ್ಮನದು ನೂರ ಮೂವತ್ತೇಳು. ಚೀಲ ಏಳು.

"ಏಳಾ? ಕಲ್ಲಿಗೆ ಕೊಟ್ಟದ್ದು ಸಾಲದಾ ಮಾರಾಯ್ತಿ,
ಕಲ್ಲಿಲ್ಲದ ಜಾಗಕ್ಕೂ ದುಡ್ಡಾ?"
"ಕಲ್ಲು ಸಣ್ಣದಾದಷ್ಟೂ ಸಂದು ಜಾಸ್ತಿ, ನರ್ಸಮ್ಮ."
ಅವರು ಹಾಳೆ ಮಡಚಿದರು, ಬಿಚ್ಚಿದರು.
"ಆಚೆ ಎಷ್ಟು ಚೀಲ?"
ನಾನು ಸೆರಗಿನಿಂದ ಕ್ಯಾಲ್ಕುಲೇಟರು ಒರೆಸಿದೆ.

ಹಾಸಿಗೆಗೆ ಜಲ್ಲಿಪುಡಿ ಅರ್ಧ ಯೂನಿಟು, ಅರ್ಧ ಯೂನಿಟು.
ಅರ್ಧಕ್ಕೆಲ್ಲ ಟಿಪ್ಪರು ಬರುವುದಿಲ್ಲವೆಂದ ಡ್ರೈವರ್ ಹಮೀದು,
ಒಂದೇ ರಾಶಿ ಸುರಿದು ಹಿಂದೆ ಹಿಂದೆ ಹೋದ.
ಸಂಜೆ ಮೋಡ.
ಆ ಕಡೆಯಿಂದ ಒಂದು ನೀಲಿ ಟರ್ಪಾಲು ಅರ್ಧ ರಾಶಿಗೆ,
ಈ ಕಡೆಯಿಂದ ಒಂದು ಹಳದಿ ಇನ್ನರ್ಧಕ್ಕೆ.
ಬೆಳಿಗ್ಗೆ ನೋಡಿದರೆ ಗಾಳಿಗೆ ಒಂದರ ಮೇಲೊಂದು.

ನೀರು ಓಣಿಯ ಚರಂಡಿಗೆ ಹರಿಯಬೇಕು,
ಎಂಟಡಿಗೆ ಒಂದಿಂಚು ಇಳಿಜಾರು. ಅದಕ್ಕೆ ಇಬ್ಬರದೂ ಒಪ್ಪಿಗೆ,
ಮಳೆಗೆ ಎರಡು ಹಾಳೆ ಇಲ್ಲ.

ಆರನೆಯ ದಿನ ಐತಪ್ಪ ಕರೆದರು, "ವಾರಿಜಾ, ಇಲ್ಲಿ ಬಾ."
ದೊಡ್ಡ ಕಲ್ಲಿನ ಅಂಚು ಅಲ್ಲಿ, ಸಣ್ಣ ಕಲ್ಲಿನ ಅಂಚು ಇಲ್ಲಿ,
ನಡುವೆ ಎರಡು ಬೆರಳು ಅಗಲ, ಇಪ್ಪತ್ತೆರಡು ಅಡಿ ಉದ್ದ
ಯಾರ ಹಾಳೆಯಲ್ಲೂ ಇಲ್ಲದ ಸಂದು.
ತಪ್ಪು ನನ್ನದು. ಆಚೆಯಿಂದ ದಾರದವರೆಗೆ ಅಳೆದೆ,
ಈಚೆಯಿಂದಲೂ ದಾರದವರೆಗೆ.
ದಾರ ಎರಡಿದ್ದವು.

ಬೇರು ಕೊಳೆತ ಕಡೆ ಮೇಸ್ತ್ರಿಯ ಹಿಮ್ಮಡಿ ಹೂತಿತು.
ಬೇಬಿ ಜಲ್ಲಿ ಎರಡು ಬುಟ್ಟಿ ಹಾಕಿ ದಮ್ಮಸು ಹೊಡೆದರು.
ಕಪ್ಪು ಪುಡಿಯ ವಾಸನೆ ಮೇಲೆದ್ದಿತು,
ಎರಡೂ ಅಡುಗೆಮನೆಯ ಕಿಟಕಿ ತೆರೆದೇ ಇದ್ದವು.

ಕೂತು ಲೆಕ್ಕ ಹಾಕಿದೆ: ಹದಿನೆಂಟು ಕಿಲೊ ಬೇಕು.
ಟೀಚರ ಕೊನೆಯ ಚೀಲದಲ್ಲಿ ಹನ್ನೆರಡು ಉಂಟು,
ನರ್ಸಮ್ಮನದರಲ್ಲಿ ಮೂರು,
ಐತಪ್ಪನ ಕೈ ಚೆಲ್ಲುವ ಕೈಯಲ್ಲ, ವೇಸ್ಟೇಜಿನಲ್ಲಿ ಉಳಿದದ್ದು ಮೂರು.
ಒಂದೇ ಬೇಸಿನ್ನಿಗೆ ಸುರಿದೆವು.
ಅವರದು ಬೂದಿ, ಇವರದು ಕಪ್ಪು,
ಕಲೆಸಿದಾಗ ಎರಡೂ ಅಲ್ಲದ್ದು,
ಬಿಸಿಲು ಮಳೆಗೆ ಸವೆದ ಕೊಡೆಬಟ್ಟೆಯ ಬಣ್ಣ.
ಕರಣೆಯಿಂದ ಒತ್ತಿ, ಒಣಗುವ ಮೊದಲು ಸ್ಪಂಜಿನಲ್ಲಿ ಒರೆಸಿ
ಎರಡೂ ಗೇಟಿಗೆ ಹೋಗಿ ಹೇಳಿದೆ:
"ಒಂದು ದಿನ ಯಾರೂ ತುಳಿಯಬಾರದು."

ರಾತ್ರಿ ಒಂಬತ್ತಕ್ಕೆ ಟೀಚರ ಫೋನು:
"ಬೆಕ್ಕು ನಡುವಿನಲ್ಲಿ ಹೋಯಿತು, ನಾವು ಓಡಿಸಿದೆವು."
ನಾವು ಅಂದರೆ ಯಾರೆಂದು ನಾನು ಕೇಳಲಿಲ್ಲ.

ಮರುದಿನ ಇಬ್ಬರೂ ಪ್ರತ್ಯೇಕವಾಗಿ ಕೇಳಿದರು,
"ಉಳಿದ ಗ್ರೌಟು ಎಲ್ಲಿ?"
ಎರಡೂ ಹಾಳೆಯ ಕೆಳಗೆ ಬರೆದೆ:
ಉಳಿಕೆ ಇಲ್ಲ.
ಬೆಕ್ಕಿನ ಹೆಜ್ಜೆ ಐದು, ಅದಕ್ಕೆ ಬಿಲ್ಲು ಹಾಕಿಲ್ಲ.