ಎರಡೇ ಚೌಕ

ಗವರ್ನರ್ ಹುದ್ದೆಗೆ ಪಕ್ಷವಿಲ್ಲದೆ ನಿಲ್ಲುವವರು
ನೂರರಲ್ಲಿ ಹತ್ತು ಮತದಾರರ ಗುರುತಿನ ಚೀಟಿ ತರಬೇಕು,
ಅದೂ ಅರ್ಧಕ್ಕಿಂತ ಹೆಚ್ಚು ಜಿಲ್ಲೆಗಳಿಂದ.
ತಂದರೆ ಸಾಲದು.
ಕೊಟ್ಟವರ ಬಾಗಿಲಿಗೇ ಹೋಗಿ
ಕೊಟ್ಟದ್ದು ಹೌದೋ ಅಂತ ಕೇಳಬೇಕು.
ಕೇಳುವವಳು ನಾನು.

ದಿನಗೂಲಿ, ಒಂದು ಟೋಪಿ, ನೀಲಿ ಶಾಯಿಯ ಎರಡು ಪೆನ್ನು.
ದೋಣಿಯ ಖರ್ಚಿಗೆ ರಸೀದಿ ಇಟ್ಟರೆ ಮಾತ್ರ ಹಣ.
ರಸೀದಿ ಅಂದರೆ ಅಂಬಿಗ ಲುಕಾಸ್ ನಗುತ್ತಾನೆ:
"ಅಲೆಯ ಹತ್ತಿರ ರುಜು ಹಾಕಿಸಿಕೋ."

ನಾನೂರ ಹನ್ನೆರಡು ಹಾಳೆ
ಪ್ಲಾಸ್ಟಿಕ್ಕಿನೊಳಗೆ, ಅಕ್ಕಿಚೀಲದೊಳಗೆ, ನನ್ನ ಮಡಿಲೊಳಗೆ.
ಮೂಡಲ ಗಾಳಿ ಎದ್ದರೆ ಲೈಫ್ ಜಾಕೆಟ್ ಮೊದಲು ಅದಕ್ಕೆ.
ಜೆರಾಕ್ಸಿನಲ್ಲಿ ಮುಖಗಳೆಲ್ಲ ಮಸಿ ಹಿಡಿದ ಪಾತ್ರೆಯ ತಳ,
ಕಣ್ಣಿದ್ದ ಕಡೆ ಎರಡು ಬಿಳಿ ಚುಕ್ಕೆ.

ಮೊದಲ ಮನೆ ಮಾತಿಯಾಸನದು.
ತೀರಿಕೊಂಡು ಮೂರು ತಿಂಗಳು; ರುಜು ಹೋದ ತಿಂಗಳದು.
ಹೆಂಡತಿ ಹಾಳೆಯನ್ನು ಬೆಳಕಿಗೆ ಹಿಡಿದು
"ಬದುಕಿದ್ದಾಗ ಇಷ್ಟು ದುಂಡಗೆ ಬರೆಯುತ್ತಿರಲಿಲ್ಲ" ಎಂದಳು.
ವಾಪಸು ಕೊಡುವಾಗ
ಒಂದು ತುದಿ ಬಿಡಲು ತುಸು ಹೊತ್ತು ಹಿಡಿಯಿತು.

ಕೊರ್ನೆಲಿಸ್ ಮೀನಿನ ಹಡಗಿನಲ್ಲಿ, ಅರಫೂರಾ ಕಡಲಿನ ನಡುವೆ.
ವಿಡಿಯೊ ಕರೆ ಆಗುತ್ತದೆ, ನಿಯಮದಲ್ಲಿದೆ.
ಬಂಡೆ ಹತ್ತಿ, ತೋಳು ಚಾಚಿ, ಒಂದೇ ಗೆರೆ ಸಿಗ್ನಲ್ ಹಿಡಿದು
"ಬೆಂಬಲ ಇದೆಯೇ?" ಎಂದು ಕೂಗಿದೆ.
ಹೆಬ್ಬೆರಳು ಎತ್ತುತ್ತಿದ್ದ, ಅಷ್ಟರಲ್ಲಿ ಚಿತ್ರ ನಿಂತಿತು.
ಅರ್ಧ ಎತ್ತಿದ ಹೆಬ್ಬೆರಳು.
ಅದನ್ನೇ ನೋಡುತ್ತ ಕೂತೆ
ಬ್ಯಾಟರಿ ಸಾಯುವ ತನಕ.

ಓಮಾ ಎಫ್ರೋಸಿನಾ ಎಂಬಾಲ್ ಸುಡುತ್ತಿದ್ದಳು,
ಮರಗೆಣಸಿನ ರೊಟ್ಟಿ, ಕಲ್ಲಿನಂಥದು, ಹಲ್ಲಿದ್ದವರಿಗೆ.
"ಚೀಟಿ ಕೊಟ್ಟದ್ದು ನಿಜ ಮಗಳೇ.
ಸೀಮೆಎಣ್ಣೆಗೆ ಅಂದರು, ಕೊಟ್ಟೆ. ಎಣ್ಣೆ ಬರಲಿಲ್ಲ.
ರುಜು? ನನಗೆ ರುಜು ಎಲ್ಲಿಂದ ಬರಬೇಕು!
ಇಷ್ಟಕ್ಕೂ ನಿಂತವರು ಯಾರು?"

ಹೇಳಿದೆ: ಯುಸ್ತೀನಾ, ತುವಾಲ್ ಕಡೆಯ ಸೂಲಗಿತ್ತಿ.

ಅಜ್ಜಿಯ ಕೈ ಕಾವಲಿಯ ಮೇಲೇ ನಿಂತಿತು.
"ನಮ್ಮ ಕಿರಿಯನನ್ನು ಈಚೆ ತಂದವಳು ಅವಳೇ,
ಕಾಲು ಮುಂದಾಗಿ ಬಂದವನನ್ನು, ಇಡೀ ರಾತ್ರಿ ಕೂತು.
ಒಂದು ಸಲ ಬಂದು ಕೇಳಿದ್ದರೆ
ಎರಡೂ ಕೈಯಲ್ಲಿ ಕೊಡುತ್ತಿದ್ದೆನಲ್ಲೇ!"

ನಾನು ಮುಖ ಗಂಟು ಹಾಕಿಕೊಂಡೆ.
ಪರಿಶೀಲಕರ ಮುಖದಲ್ಲಿ ಏನೂ ಕಾಣಬಾರದು,
ತರಬೇತಿಯ ಎರಡನೇ ದಿನ ಹೇಳಿಕೊಟ್ಟಿದ್ದರು.

ಅರ್ಜಿಯಲ್ಲಿ ಎರಡೇ ಚೌಕ:
ಈ ರುಜು ನನ್ನದು.
ಈ ರುಜು ನನ್ನದಲ್ಲ.
ಕೇಳಿದ್ದರೆ ಕೊಡುತ್ತಿದ್ದೆ ಎನ್ನುವುದಕ್ಕೆ ಚೌಕವಿಲ್ಲ.
ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದಳು.
ಇನ್ನೊಮ್ಮೆ ಓದಿದೆ.
"ಸುಳ್ಳು ಹೇಳಲಾರೆ," ಎಂದಳು,
"ಅವಳಿಗೆ ಬೇಡ ಅಂತಲೂ ಅನ್ನಲಾರೆ."

ಶಾಯಿಯ ಪ್ಯಾಡು ತೆಗೆಯುವ ಮೊದಲೇ
ಒಲೆಯ ಮಸಿ ಅಂಟಿದ್ದ ಹೆಬ್ಬೆರಳನ್ನು ಒತ್ತಿಬಿಟ್ಟಳು,
ಎರಡು ಚೌಕಗಳ ನಡುವಿನ ಖಾಲಿಯಲ್ಲಿ,
ಬೆಚ್ಚಗೆ.

ರೊಟ್ಟಿ ಎರಡು ಕಟ್ಟಿಕೊಟ್ಟಳು.
ಏನನ್ನೂ ತೆಗೆದುಕೊಳ್ಳಬಾರದು, ಅದೂ ನಿಯಮ.
ತೆಗೆದುಕೊಂಡೆ.

ದೋಣಿಯಲ್ಲಿ ಒಂದನ್ನು ಲುಕಾಸನಿಗೆ ಮುರಿದು ಕೊಟ್ಟೆ.
"ರಸೀದಿ?" ಎಂದ, ಬಾಯಿತುಂಬ ಪುಡಿ.
ಮೇಲಿನ ಹಾಳೆಗೆ ನೀರು ಸಿಡಿಯದಂತೆ
ಅಂಗೈ ಅಡ್ಡ ಹಿಡಿದಿದ್ದೆ, ಉತ್ತರ ಕೊಡಲಿಲ್ಲ.

ಗಡುವು ನಾಳೆ ನಡುರಾತ್ರಿ.
ಮುನ್ನೂರ ಆರು ಮನೆ ಬಾಕಿ.