ಹಗ್ಗ ಎಳೆಯುವವನು

ಈ ಅಂಬಾ ಬೆಟ್ಟಕ್ಕೆ ದಾರಿಯಿಲ್ಲ, ಹಗ್ಗವಿದೆ.
ಒಂದು ತುದಿಗೆ ಬುಟ್ಟಿ, ಇನ್ನೊಂದಕ್ಕೆ ನಾನು, ಹಬ್ತೆ.
ಇಪ್ಪತ್ತೆರಡು ಮಳೆಗಾಲ ಎಳೆದಿದ್ದೇನೆ
ಟೆಫ್ ಹಿಟ್ಟು, ಜೇನು, ಒಮ್ಮೆ ವಾಂತಿ ಮಾಡುತ್ತ ಬಂದ ಪಾದ್ರಿ;
ಇಳಿಸಿದ್ದು ಹೆಣಗಳನ್ನು ಮಾತ್ರ.

ಇಲ್ಲಿ ಸೆರೆಯಿರುವವರೆಲ್ಲ ರಾಜರ ಮಕ್ಕಳು.
ಯೋನಾಸ್ ಬಂದಾಗ ಆರು ವರ್ಷ.
ಬಿದ್ದ ಹಲ್ಲು ನನ್ನ ಅಂಗೈಗಿಟ್ಟು, "ಅಮ್ಮನಿಗೆ ಇಳಿಸು" ಅಂದ.
ಇಳಿಸಲಿಲ್ಲ.
ಇನ್ನೂ ಇದೆ, ಸೊಂಟದ ಚೀಲದಲ್ಲಿ.
ದೊಡ್ಡವನಾಗಿ ನನಗೇ ಅಕ್ಷರ ತಿದ್ದಿಸಿದ,
ಬೂದಿಯ ಮೇಲೆ, ಬೆರಳು ಹಿಡಿದು.

ಗೊಂಡಾರ್ ಅರಮನೆಯ ಕೂಲಿ ತಿಂಗಳಿಗೆ ನಾಲ್ಕು ಉಪ್ಪಿನ ಗಟ್ಟಿ.
ಇವತ್ತು ಏಳು ಬಂದವು, ಅಡಿಯಲ್ಲೊಂದು ತೊಗಲಿನ ಚೂರು.
ಪಾದ್ರಿ ಓದಿ ಹೇಳಲೆಂದು ಬರೆದದ್ದು;
ನಾನೇ ಓದಿಕೊಂಡೆ:
ಬರುವವನನ್ನು ಎಳೆದುಕೋ. ಅವನ ಬಳಿ ಸೂಜಿಯಿದೆ.
ಯೋನಾಸನ ಕಣ್ಣು ಸಾಕು, ಜೀವ ಬೇಡ.

ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ ಅನ್ನುತ್ತಿದ್ದಳು ಅವ್ವ.
ಅವಳಿಗೇನು,
ಒಂದೇ ಮನೆಯ ಉಪ್ಪು ತಿಂದು ಸತ್ತಳು.

ಹಗ್ಗ ಬಿಗಿಯಿತು. ಬುಟ್ಟಿ ಅರ್ಧ ಏರಿದೆ.
ನಾನು ನಿಂತುಬಿಟ್ಟದ್ದು ಕಂಡು
ಯೋನಾಸ್ ಹಿಂದಿನಿಂದ ಬಂದು ಕೈಹಾಕಿದ:
"ಭುಜ ನೋವೇ, ಮಾವ? ಬಿಡು, ನಾನೆಳೀತೀನಿ.
ಅಬ್ಬ, ಎಷ್ಟು ಭಾರ! ಜೇನೇ ಇರಬೇಕು."